ಆಗುಂಬೆ: ಜನ ಎಷ್ಟು, ಬಸ್ಸು ಹೇಗೆ?

ಆಗುಂಬೆಯಲ್ಲಿ ಎಷ್ಟು ಜನ ಇದ್ದಾರೆ, ರೈಲಿನಲ್ಲಿ ಬರಬಹುದಾ ಅಂತ ಕೇಳಿದ್ದೀರಿ. ಊರಿನಲ್ಲಿ ಇರುವುದು ಕೆಲವೇ ನೂರು ಜನ. ಅದೂ 2011ರ ಜನಗಣತಿಯ ಲೆಕ್ಕ, 2021ರದ್ದು ಮುಂದಕ್ಕೆ ಹೋಯ್ತಲ್ಲ. ಹೆಸರು ದೊಡ್ಡದು, ಊರು ಪುಟ್ಟದು!

ರೈಲು ಇಲ್ಲ ಸಾರ್. ಉಡುಪಿಯಲ್ಲೋ ಶಿವಮೊಗ್ಗದಲ್ಲೋ ಇಳಿದು ಬಸ್ಸು ಹಿಡಿಯಬೇಕು. ಉಡುಪಿ ಹತ್ತಿರ, ಸುಮಾರು 55 ಕಿ.ಮೀ. ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ ಘಾಟಿ. 14 ತಿರುವು, ಒಂದಕ್ಕಿಂತ ಒಂದು ಕಿರಿದು. ದೊಡ್ಡ ಬಸ್ಸು ತಿರುಗುವುದು ಕಷ್ಟ, ಅದಕ್ಕೇ ಇಲ್ಲಿ ಮಿನಿಬಸ್ಸುಗಳದ್ದೇ ಕಾರುಬಾರು. ವಾಂತಿ ಆಗುವವರು ಮುಂದಿನ ಸೀಟು ಹಿಡಿಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್, ಹೊರಡುವ ಮುಂಚೆ ವಿಚಾರಿಸಿ. ತೀರ್ಥಹಳ್ಳಿ ಕಡೆಯಿಂದ ಬಂದರೆ ಘಾಟಿಯ ತಂಟೆಯೇ ಇಲ್ಲ.