"ಒಬ್ಬರೇನಾ?" ಎಂದು ಕೇಳಿದ ಹೋಟೆಲ್

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬರುವ ಈ ಮಹಿಳೆಗೆ ನಲವತ್ತು ದಾಟಿದೆ. ಘಟ್ಟದ ಮೇಲಿನವರು, ವರ್ಗವಾಗಿ ಕಾರವಾರಕ್ಕೆ ಬಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಿದ್ದೆ ಇಲ್ಲ, ತೂಕ ಇಳಿಯುತ್ತಿದೆ ಎಂದು ಬಂದಿದ್ದರು. ಊಟ ಏನು ಮಾಡ್ತೀರಿ ಎಂದು ಕೇಳಿದೆ. ರಾತ್ರಿ ಬ್ರೆಡ್ಡು, ಬಾಳೆಹಣ್ಣು. ಭಾನುವಾರವೂ ಅದೇ. ಯಾಕೆ ಎಂದಾಗ ಅಳು ಬಂತು.

ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೀನೂಟಕ್ಕೆ ಹೋಗಿದ್ದರಂತೆ. "ಒಬ್ಬರೇನಾ?" ಎಂದು ಕೇಳಿ, ಕಿಟಕಿ ಪಕ್ಕದ ಮೇಜಿನಿಂದ ಎಬ್ಬಿಸಿ ಕೈತೊಳೆಯುವ ಜಾಗದ ಹತ್ತಿರ ಕೂರಿಸಿದರು. ಇಸವಾಣ ಮೀನಿನ ಫ್ರೈ ಹೇಳಿದರು. ಆಮೇಲೆ ಬಂದ ದೊಡ್ಡ ಕುಟುಂಬಕ್ಕೆ ಫ್ರೈ ಹೋಯಿತು, ಇವರಿಗೆ "ಖಾಲಿ ಆಯ್ತು" ಅಂದರು. ಇನ್ನೊಂದು ಸಲ ಅನ್ನ ಕೇಳಲಿಕ್ಕೂ ಬಾಯಿ ಬರಲಿಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ. ಸುಮ್ನೆ ಕೊಟ್ಟು ಬಂದರು. "ಎಲ್ಲರೂ ನನ್ನನ್ನೇ ನೋಡ್ತಿದ್ರು. ಗಂಡ ಬಿಟ್ಟವಳು ಅಂದ್ಕೊಂಡಿರ್ತಾರೆ" ಎಂದರು.

ಆಫೀಸಿನವರು "ಅಷ್ಟಕ್ಕೆಲ್ಲ ಬೇಜಾರು ಯಾಕೆ" ಅಂದಿದ್ದರಂತೆ. ನಾನು ಹಾಗೆ ಹೇಳಲಿಲ್ಲ. ಅಲ್ಲಿ ಅನ್ಯಾಯ ಆಗಿದ್ದು ನಿಜ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಹಾಗಾಗಿ ಮೀನು ಕಡಿಮೆ, ರೇಟು ಜಾಸ್ತಿ. ದೊಡ್ಡ ಬಿಲ್ಲಿನವರಿಗೆ ಎತ್ತಿಡುವ ಆಸೆ ಮಾಲೀಕರಿಗೆ ಇರುತ್ತದೆ. ಆದರೂ ಮೊದಲು ಹೇಳಿದವರಿಗೆ ಮೊದಲು ಕೊಡಬೇಕು ಅಲ್ವಾ?

ಒಂದು ಹಾಳೆಯ ಮಧ್ಯೆ ಗೆರೆ ಎಳೆಯಲು ಹೇಳಿದೆ. ಎಡಗಡೆ, ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಬಲಗಡೆ, ಮನಸ್ಸು ಸೇರಿಸಿದ್ದು. ಮೇಜು ಬದಲಿಸಿದ್ದು, ಫ್ರೈ, ಬಿಲ್ಲು ಎಡಗಡೆ ಬಂದವು. "ಗಂಡ ಬಿಟ್ಟವಳು" ಅನ್ನುವುದನ್ನು ಎಲ್ಲಿ ಬರೆಯಬೇಕೆಂದು ಅವರು ತುಂಬಾ ಹೊತ್ತು ಯೋಚಿಸಿದರು. ಕೊನೆಗೆ ಬಲಗಡೆ ಬರೆದರು. ಆ ಮಾತನ್ನು ಅಲ್ಲಿ ಯಾರೂ ಆಡಿರಲಿಲ್ಲ. ಊರಲ್ಲಿ ಚಿಕ್ಕಂದಿನಿಂದ ಬೇರೆ ಹೆಂಗಸರ ಬಗ್ಗೆ ಕೇಳುತ್ತ ಬಂದ ಮಾತು ಅದು. ನಿದ್ದೆ ಕೆಡಿಸಿದ್ದು ಅದೇ ಎಂದು ನನಗೆ ಅನ್ನಿಸಿತು. ಮುಂದಿನ ಭೇಟಿಗಳಲ್ಲಿ ಹೆಚ್ಚಾಗಿ ಅದನ್ನೇ ಮಾತಾಡಿದೆವು.

ಎಲ್ಲರೂ ನೋಡುತ್ತಾರೆ ಅನ್ನುವುದಕ್ಕೆ ಒಂದು ಪ್ರಯೋಗದ ಕಥೆ ಹೇಳಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ನಾಚಿಕೆಯಾಗುವಂಥ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಶರ್ಟ್ ಹಾಕಿದವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ ಅಷ್ಟೇ.

ಹಾಳೆಯ ಎಡಗಡೆ ಬರೆದ ಅನ್ಯಾಯಗಳಿಗೆ ಬಾಯಿ ಬಿಟ್ಟು ಮಾತಾಡಬೇಕು. ಒಂದು ವಾಕ್ಯ ಆರಿಸಿಕೊಂಡು ಜೋರಾಗಿ ಅಭ್ಯಾಸ ಮಾಡಿಸಿದೆ: "ಇವರಿಗಿಂತ ಮೊದಲು ನಾನು ಹೇಳಿದ್ದೆ, ನಂದು ಯಾವಾಗ ಬರ್ತದೆ?" ಮೊದಮೊದಲು ದನಿ ನಡುಗಿತು. "ಸ್ವಲ್ಪ" ಎಂದು ಶುರು ಮಾಡುತ್ತಿದ್ದರು, ಅದನ್ನು ಬಿಡಿಸಿದೆ. ಕೂರುವ ಮೊದಲೇ "ಇವತ್ತು ಯಾವ ಮೀನು ಉಂಟು?" ಎಂದು ಕೇಳಿಕೊಳ್ಳಿ ಅಂದೆ. ಸಣ್ಣ ಊಟದ ಮನೆಗಳಲ್ಲಿ ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ಮಾಮೂಲು, ಅದನ್ನು ಅವಮಾನದ ಲೆಕ್ಕಕ್ಕೆ ಹಾಕಬೇಡಿ. ಕೂತಲ್ಲಿಂದ ಎಬ್ಬಿಸಿದರೆ ಮಾತ್ರ ಕಾರಣ ಕೇಳಿ.

ಬಿಲ್ಲಿನ ವಿಷಯ ಸುಲಭ. ಹೋಟೆಲ್‌ಗಳು ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ತೆಗೆಯಿರಿ ಎನ್ನಬಹುದು, ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. "ಒಂಟಿ ಹೆಂಗಸು ಅಂತ ಒಳಗೇ ಬಿಡದಿದ್ರೆ?" ಎಂದು ಕೇಳಿದರು. ಹೆಣ್ಣು ಎಂಬ ಕಾರಣಕ್ಕೇ ಹೋಟೆಲ್ ಪ್ರವೇಶ ತಡೆಯುವಂತಿಲ್ಲ. ಸಂವಿಧಾನದ 15(2)ನೇ ವಿಧಿಯಲ್ಲೇ ಅದಿದೆ.

ಮೊದಲು ಜನ ಕಡಿಮೆ ಇರುವ ಹೊತ್ತಿನಲ್ಲಿ ಚಹಾ, ಬನ್ಸ್ ಎಂದು ಶುರು ಮಾಡಿದರು, ಮೊಬೈಲ್ ಬ್ಯಾಗಿನಲ್ಲಿಟ್ಟು. ಆಮೇಲೆ ಹನ್ನೆರಡು ಗಂಟೆಯ ಊಟ, ರಶ್ ಶುರುವಾಗುವ ಮೊದಲು. ಈಗ ಭಾನುವಾರ ಬೇರೊಂದು ಕಡೆ ಉಣ್ಣುತ್ತಾರೆ. ಕೋಕಂ ಹಾಕಿದ ಸೋಲಕಡಿ ಎರಡನೇ ಸಲ ಕೇಳಿ ಹಾಕಿಸಿಕೊಂಡೆ ಎಂದು ಖುಷಿಯಿಂದ ಹೇಳಿದರು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಭೇಟಿಗಳು ಮುಂದುವರಿದಿವೆ. ಆ ಹಳೆಯ ಹೋಟೆಲ್ಲಿಗೆ ಹೋಗಲಾರೆ ಅಂದಿದ್ದಾರೆ. ನಾನು ಒತ್ತಾಯ ಮಾಡಿಲ್ಲ.