‘ಪಶ್ಚಿಮಕ್ಕೆ ಚೀನಾದ ಉತ್ತರ’ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ಚೀನಾದ ಚಿಂತಕರು ಪಶ್ಚಿಮದ ಪ್ರಜಾಪ್ರಭುತ್ವವನ್ನು ಟೀಕಿಸುವ ಬಗೆಗಿನ ನಿಮ್ಮ ಹನ್ನೆರಡು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಆದರೆ ‘ಚೀನಾದ ಚಿಂತಕರು ಹೇಳುತ್ತಾರೆ’ ಎಂಬ ಮಾತು ಪುಟಪುಟಕ್ಕೂ ಬರುತ್ತದೆಯೇ ಹೊರತು, ಹೇಳಿದವರು ಯಾರೆಂದು ಎಲ್ಲಿಯೂ ತಿಳಿಯುವುದಿಲ್ಲ. ಮಾರುಕಟ್ಟೆ ಸುಧಾರಣೆಗಳು ತಂದ ಅಸಮಾನತೆಯನ್ನು ಎಡಪಂಥೀಯರಾಗಿ ಟೀಕಿಸಿದ ವಾಂಗ್ ಹುಯಿ, ಏಕಪಕ್ಷದ ಆಳ್ವಿಕೆಯಲ್ಲೇ ಅಭಿವೃದ್ಧಿ ಸಾಧಿಸುವ ‘ಚೀನಾ ಮಾದರಿ’ಯ ಸಮರ್ಥಕರಾದ ಜಾಂಗ್ ವೈವೈ, ಕನ್‌ಫ್ಯೂಷಿಯಸ್‌ನ ದಾರಿಗೇ ಮರಳಬೇಕೆನ್ನುವ ಜಿಯಾಂಗ್ ಚಿಂಗ್, ಈ ಮೂವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಅವರೇ ಎಲೆ ಬಿಟ್ಟು ಎದ್ದುಹೋದಾರು.

ಜಿಯಾಂಗ್ ಚಿಂಗ್ ಒಬ್ಬರನ್ನೇ ಹಿಡಿದು ಬರೆಯಿರಿ. (ಮಾವೊ ಪತ್ನಿಯ ಹೆಸರೂ ಇಂಗ್ಲಿಷಿನಲ್ಲಿ ಹೀಗೆಯೇ ಕಾಣುವುದರಿಂದ, ಇವರು ಬೇರೆ ಎಂದು ಆರಂಭದಲ್ಲೇ ಹೇಳಿಬಿಡಿ.) ಅಧಿಕಾರಕ್ಕೆ ಜನರ ಒಪ್ಪಿಗೆಯೊಂದೇ ಆಧಾರವಾದರೆ ಸರ್ಕಾರವು ಇಂದಿನ ಮತದಾರರ ಆಸೆಗಳಿಗೆ ಮಾತ್ರ ಓಗೊಡುತ್ತದೆ, ಮುಂದೆ ಹುಟ್ಟಲಿರುವವರ ಹಿತವಾಗಲಿ ಪರಿಸರದ ಹಿತವಾಗಲಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ಆಕ್ಷೇಪ. ಆದ್ದರಿಂದ ದೈವ, ಇತಿಹಾಸ ಮತ್ತು ಜನ ಎಂಬ ಮೂರು ಆಧಾರಗಳಿಗೆ ತಕ್ಕಂತೆ ಅವರು ಮೂರು ಸದನಗಳನ್ನು ಕಲ್ಪಿಸುತ್ತಾರೆ: ಪ್ರಾಚೀನ ಗ್ರಂಥಗಳಲ್ಲಿ ಪಳಗಿದ ವಿದ್ವಾಂಸರದ್ದು ಒಂದು, ಕನ್‌ಫ್ಯೂಷಿಯಸ್‌ನ ವಂಶಸ್ಥರ ನೇತೃತ್ವದ್ದು ಇನ್ನೊಂದು, ಚುನಾಯಿತರದ್ದು ಮೂರನೆಯದು. ಮಸೂದೆಗೆ ಎರಡು ಸದನಗಳ ಒಪ್ಪಿಗೆ ಬೇಕು. ಅದನ್ನು ತಡೆಯುವ ಕಡೆಯ ಅಧಿಕಾರ ವಿದ್ವಾಂಸರದ್ದು.

ಆ ವಿದ್ವಾಂಸರ ಯೋಗ್ಯತೆಯನ್ನು ಅಳೆಯುವವರು ಯಾರು ಎಂದು ನೀವು ಕೇಳಲೇಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಜಿಯಾಂಗ್ ಕಲ್ಪಿಸಿದ ಈ ಸಂವಿಧಾನದಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ವಿಶೇಷ ಸ್ಥಾನವೇ ಇಲ್ಲ. ಪಶ್ಚಿಮವನ್ನು ಟೀಕಿಸುವವರೆಲ್ಲ ಬೀಜಿಂಗ್‌ನ ವಕ್ತಾರರು ಎಂಬ ನಿಮ್ಮ ಗೃಹೀತ ಇಲ್ಲಿಯೇ ಕುಸಿಯುತ್ತದೆ.

ಪ್ರಾಂತಗಳಲ್ಲಿ ಆಡಳಿತ ನಡೆಸಿ ಪಳಗಿದವರೇ ಮೇಲೇರುತ್ತಾರೆಂಬ ಜಾಂಗ್ ವೈವೈ ಅವರ ವಾದವನ್ನು ನೀವು ಹೆಸರಿಲ್ಲದೆ, ಪ್ರಶ್ನೆಯನ್ನೂ ಮಾಡದೆ ಎತ್ತಿಕೊಂಡಿದ್ದೀರಿ. ಚೀನಾದ ಅಧ್ಯಕ್ಷರಿಗಿದ್ದ ಎರಡು ಅವಧಿಗಳ ಮಿತಿಯನ್ನು 2018ರ ಮಾರ್ಚ್‌ನಲ್ಲಿ ತೆಗೆದುಹಾಕಿದ ಮೇಲೆ, ಏರಿದವರು ಇಳಿಯುವುದು ಹೇಗೆಂಬುದಕ್ಕೆ ಆ ವಾದ ಉತ್ತರ ಕೊಡಬೇಕಾಗುತ್ತದೆ.

‘ಪ್ರಜಾಪ್ರಭುತ್ವ ಚೀನೀಯರ ಸ್ವಭಾವಕ್ಕೆ ಒಗ್ಗದು’ ಎಂಬ ಕೊನೆಯ ಪುಟದ ವಾಕ್ಯವನ್ನು ಹೊಡೆದುಹಾಕಿ. 2008ರ ಡಿಸೆಂಬರ್‌ನಲ್ಲಿ ಬಹುಪಕ್ಷ ವ್ಯವಸ್ಥೆ ಕೇಳಿದ ‘ಚಾರ್ಟರ್ 08’ ಎಂಬ ಬಹಿರಂಗ ಘೋಷಣಾಪತ್ರಕ್ಕೆ ಸಹಿ ಹಾಕಿದವರೂ, ಅದಕ್ಕಾಗಿ 11 ವರ್ಷಗಳ ಶಿಕ್ಷೆಗೆ ಗುರಿಯಾಗಿ 2017ರಲ್ಲಿ ಬಂಧನದಲ್ಲಿರುವಾಗಲೇ ತೀರಿಕೊಂಡ ಲೇಖಕ ಲಿಯು ಶಿಯಾಬೋ ಅವರೂ ಚೀನೀಯರೇ.

ಹೊಸ ಕರಡು ಐದು ಪುಟ ಮೀರದಿರಲಿ. ಉಲ್ಲೇಖಿಸುವ ಪ್ರತಿಯೊಂದು ಮಾತಿನ ಮುಂದೆಯೂ ಅದನ್ನು ಆಡಿದವರ ಹೆಸರು ಮತ್ತು ವರ್ಷ ಇರಲಿ.

ಇಂತಿ,
ಸಂಪಾದಕ