ನೋಟ್‌ಬುಕ್ಕಿಗೆ ಬಾರದ ಬಾಕಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮ ಬಳಿ ಸಲಹೆಗೆ ಬಂದವರು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಯೂನಿಟ್ ನಡೆಸುವ ಕಥೋಲಿಕ ಗೃಹಸ್ಥರು, ಐವತ್ತರ ಆಸುಪಾಸು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರದಿಂದ ಹಗಲೆಲ್ಲ ಊಟ, ನೀರು ಎರಡೂ ಬಿಟ್ಟಿದ್ದರು. ರಾತ್ರಿ ಎರಡು ತಾಸು ಕೂತು ಪಾಪಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಫಾದರ್ ಎದುರು ಪಾಪಗಳನ್ನು ಹೇಳಿಕೊಳ್ಳುವ ಪಾಪನಿವೇದನೆ ಮಾಡಿದ ಮರುದಿನವೇ, ಏನೋ ಬಿಟ್ಟುಹೋಯಿತೆಂದು ಮತ್ತೆ ಚರ್ಚಿಗೆ. ನಿದ್ದೆ ಕೆಟ್ಟಿತ್ತು. "ಉಪವಾಸ ಹಿಡಿದ್ರ ಮನ್ಯಾಗ ಮಕ್ಕಳು ಬಾಯಿ ಬಿಡಂಗಿಲ್ರಿ," ಎಂದರು ಹೆಂಡತಿ.

ನೋಟ್‌ಬುಕ್ಕಿನ ತುಂಬ ಇದ್ದದ್ದು ತಾನಾಗಿ ನುಗ್ಗಿಬಂದ ಕೆಟ್ಟ ಯೋಚನೆಗಳು. ಪೀಸ್ ಲೆಕ್ಕದ ಟೈಲರ್‌ಗಳಿಗೆ ಮೂರು ವಾರದ ಬಟವಾಡೆ ಬಾಕಿ ಇರುವುದು ಯಾವ ಪುಟದಲ್ಲೂ ಇರಲಿಲ್ಲ. ಯೂನಿಟ್ಟಿನ ಬಗ್ಗೆ ಕೇಳಿದಾಗ ಮಾತಿನ ನಡುವೆ ಬಂತು. ಬೈಬಲಿನ ಯೆಶಾಯ ಗ್ರಂಥದ 58ನೇ ಅಧ್ಯಾಯವನ್ನು ಜೊತೆಗೆ ಓದಿದೆವು. ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಡುವವರನ್ನು ಮೂರನೇ ವಚನ ನೇರವಾಗಿ ಹಿಡಿದು ಕೇಳುತ್ತದೆ. ಇವರ ಭಕ್ತಿ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರಿಗೂ ಏನನ್ನೂ ಕೊಡಬೇಕಿಲ್ಲದ ಪಾಪ ಹುಡುಕುವುದು ಮನಸ್ಸಿಗೆ ಸುಲಭ. ಹೆಸರು, ಮೊತ್ತ ಇರುವ ಬಾಕಿ ಎದುರಿಸುವುದು ಕಷ್ಟ.

ಕೊಟ್ಟ ಸಲಹೆ: ಆತ್ಮಶೋಧನೆ ರಾತ್ರಿ ಹದಿನೈದೇ ನಿಮಿಷ, ಅಲಾರಂ ಇಟ್ಟು. ಇಂದು ಯಾರಿಗೆ ನೋವು ಮಾಡಿದೆ, ಯಾರಿಗೆ ಸಲ್ಲಬೇಕಾದ್ದನ್ನು ತಡೆದೆ, ನಾಳೆ ಏನು ಸರಿಪಡಿಸುವೆ—ಇಷ್ಟು ಕೇಳಿಕೊಂಡರೆ ಸಾಕು. ಮನಸ್ಸು ಒಪ್ಪದೆ ಬಂದುಹೋದ ಯೋಚನೆ ಪಾಪವಲ್ಲ, ಅದನ್ನು ಬರೆಯಬಾರದು. ಒಬ್ಬರೇ ಫಾದರ್ ಬಳಿ, ಅವರು ಹೇಳಿದ ಅಂತರದಲ್ಲಿ ನಿವೇದನೆ. ಹೇಳಿ ಮುಗಿದದ್ದನ್ನು ಮತ್ತೆ ಹೇಳುವಂತಿಲ್ಲ. ಬರೆಯುವುದನ್ನು ನಿಲ್ಲಿಸಿದಾಗ ಮೊದಲು ಚಡಪಡಿಕೆ ಹೆಚ್ಚುತ್ತದೆ. ಆಗ ಸೋತು ಬರೆದರೆ ಕ್ಷಣಕ್ಕೆ ಹಗುರಾಗುತ್ತದೆ, ಆ ಹಗುರವೇ ಚಟವನ್ನು ಬಲಪಡಿಸುತ್ತದೆ. ಹಾಗಾಗಿ ಬರೆಯಬೇಕೆನಿಸಿದಾಗ ಹದಿನೈದು ನಿಮಿಷ ಮುಂದೂಡಿ, ಬೇರೆ ಕೆಲಸಕ್ಕೆ ಕೈ ಹಾಕಬೇಕು. ನಿದ್ದೆ ಮರಳದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಉಪವಾಸದ ಕಟ್ಟಳೆ ಅವರು ಅಂದುಕೊಂಡಷ್ಟು ಕಠಿಣವಲ್ಲ. ಕಥೋಲಿಕ ಸಭೆಯ ನಿಯಮದಂತೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ: ಒಂದು ಪೂರ್ತಿ ಊಟ, ಎರಡು ಸಣ್ಣ ಆಹಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ, ಕಾಯಿಲೆಯವರಿಗೆ ವಿನಾಯಿತಿ. ನೀರಿಗೆ ನಿಷೇಧವೇ ಇಲ್ಲ. ಬಳ್ಳಾರಿಯ ಮಾರ್ಚ್ ಬಿಸಿಲಿನಲ್ಲಿ ನೀರು ಬಿಟ್ಟರೆ ತಲೆನೋವು, ಸಿಟ್ಟು, ತಲೆಸುತ್ತು ಬರುತ್ತವೆ; ಆ ಸಿಟ್ಟು ಮಕ್ಕಳ ಮೇಲೆ ಬೀಳುತ್ತಿತ್ತು.

ಬಾಕಿಗೆ ಟೈಲರ್‌ಗಳ ಹೆಸರು, ಪೀಸ್, ಮೊತ್ತ ಬರೆದ ಪಟ್ಟಿ ಮಾಡಿಸಿದೆವು. ಪ್ರತಿ ಶನಿವಾರ ಆ ವಾರದ ಪೂರ್ತಿ ಕೂಲಿಯ ಜೊತೆ ಒಂದು ಹಳೆಯ ವಾರದ್ದು ಸೇರಿಸಿ ಕೊಡಬೇಕು, ತಡವಾಯಿತೆಂದು ಅವರೆದುರೇ ಹೇಳಬೇಕು. ಚರ್ಚಿನ ಹುಂಡಿಗೆ ಹಾಕಿದ ದಾನ ಈ ಬಾಕಿಗೆ ವಜಾ ಆಗುವುದಿಲ್ಲ.

ಎರಡು ಶನಿವಾರದ ಬಟವಾಡೆ ಆಗಿದೆ. ಬರೆಯುವ ಚಡಪಡಿಕೆ ಪೂರ್ತಿ ಹೋಗಿಲ್ಲ, ಭೇಟಿ ಈಸ್ಟರ್ ನಂತರವೂ ಮುಂದುವರಿಯುತ್ತದೆ.